ಸವೆದರೆ ನಯ, ಇನ್ನೂ ಸವೆದರೆ ನಷ್ಟ

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಸುಮಾರು 20 ಕಿಲೋಮೀಟರಿಗೆ ಕುಡತಿನಿ. ಈ ಊರಿನ ಆಸುಪಾಸಿನಲ್ಲಿ ಎರಡು ಕಾಲದ ಬೂದಿ ಇದೆ. ಮೊದಲನೆಯದು ನವಶಿಲಾಯುಗದ ಬೂದಿದಿಬ್ಬ. ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಗೆ ದನಗಾಹಿಗಳು ಮತ್ತೆ ಮತ್ತೆ ಬೆಂಕಿಯಿಟ್ಟದ್ದರಿಂದ ಎದ್ದ ದಿಬ್ಬ ಅದು. ಬೆಂಕಿ ಜೋರಾದ ಕಡೆ ಸಗಣಿಯೊಳಗಿನ ಹುಲ್ಲಿನ ಸಿಲಿಕಾ ಕರಗಿ ಗಾಜಿನಂಥ ಕಿಟ್ಟವಾಗಿದೆ. ಎರಡನೆಯದು ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿ. ಕರ್ನಾಟಕ ವಿದ್ಯುತ್ ನಿಗಮದ ಈ ಸ್ಥಾವರದಲ್ಲಿ 500 ಮೆಗಾವ್ಯಾಟಿನ ಎರಡು ಘಟಕಗಳೂ 700 ಮೆಗಾವ್ಯಾಟಿನ ಒಂದು ಘಟಕವೂ ಇವೆ. ಒಟ್ಟು 1700 ಮೆಗಾವ್ಯಾಟ್. ಇದರ ಜೊತೆಗೆ ಸಂಡೂರು ಸೀಮೆಯ ಅದಿರಿನ ಕೆಂಧೂಳು, ಲಾರಿಗಳು ಎಬ್ಬಿಸುವ ರಸ್ತೆಯ ಮಣ್ಣು. ಯಂತ್ರ ಇಟ್ಟುಕೊಂಡು ಬದುಕುವವರಿಗೆ ಇಷ್ಟು ಕಷ್ಟ ಕೊಡುವ ಗಾಳಿ ಬೇರೆ ಕಡೆ ಸಿಗುವುದು ಅಪರೂಪ.

ಆದರೆ ಇದೇ ಸೀಮೆಯಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಮರಳು ಹಾಕಿ ಉಜ್ಜಿ ಕಲ್ಲನ್ನು ಕನ್ನಡಿಯ ಹತ್ತಿರಕ್ಕೆ ತಂದ ಕುಶಲಕರ್ಮಿಗಳಿದ್ದರು. ಅವರಿಗೆ ಉಪಕಾರ ಮಾಡಿದ ಕಣಗಳೇ ಇಂದು ಬೇರಿಂಗನ್ನು ತಿನ್ನುತ್ತವೆ. ಇದರಲ್ಲಿ ವಿರೋಧವೇನೂ ಇಲ್ಲ. ನಯವಾಗಿಸುವುದೂ ಹಾಳುಮಾಡುವುದೂ ಒಂದೇ ಕ್ರಿಯೆ, ಅದರ ಹೆಸರು ಸವೆತ. ಎಲ್ಲಿಯವರೆಗೆ ಸವೆಯಲು ಬಿಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಯಂತ್ರವಿದ್ಯೆಯ ಅರ್ಧ ಜಾಣ್ಮೆ ಇದೆ. ಈ ಅಧ್ಯಾಯದಲ್ಲಿ ಕಲ್ಗೊಡಲಿ, ಬಿಗಿಯಾದ ಪಿಸ್ತೂಲು, ಎತ್ತಿನ ಗಾಡಿ ಮತ್ತು ಉಗಿ ಟರ್ಬೈನುಗಳ ಮೂಲಕ ಅದನ್ನು ನೋಡೋಣ.

ಹಿರೇಗುಡ್ಡದ ಕೊಡಲಿ

ಬಳ್ಳಾರಿ ನಗರದ ಈಶಾನ್ಯಕ್ಕೆ ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ನಡುವೆ ಗ್ರಾನೈಟ್ ಗುಡ್ಡಗಳ ಗುಂಪೊಂದಿದೆ. ಅವುಗಳಲ್ಲಿ ದೊಡ್ಡದು ಹಿರೇಗುಡ್ಡ. ಬೂದುಬಣ್ಣದ ಗ್ರಾನೈಟನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಶಿಲೆಯ ಪಟ್ಟಿ ಇಲ್ಲಿ ಹಾಯ್ದುಹೋಗಿದೆ. ಈ ಡಾಲರೈಟಿನಿಂದ ಕೊಡಲಿ ಮಾಡುವ ಕಾರ್ಖಾನೆಯೇ ಇಲ್ಲಿತ್ತು ಎಂಬುದನ್ನು 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದರು. 1940ರ ದಶಕದಲ್ಲಿ ಬೆಂಡಪೂಡಿ ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿದರು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ನಿಕೋಲ್ ಬೊವಾನ್ ಮತ್ತವರ ಸಂಗಡಿಗರು ಕೊಡಲಿ ತಯಾರಿಕೆಯ ಹಂತಗಳನ್ನೇ ಬಿಡಿಸಿ ನೋಡಿದರು. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಪುರಾತತ್ವ ವಸ್ತುಸಂಗ್ರಹಾಲಯವೂ ಇದೆ.

ಕೊಡಲಿಗೆ ಮೂರು ಹಂತ. ಮೊದಲು ಸುತ್ತಿಗೆಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸಿ ಒರಟು ಆಕಾರ ತರುವುದು. ಆಮೇಲೆ ಸಣ್ಣಗೆ ಕುಟ್ಟಿ ಏಣುಗಳನ್ನು ತಗ್ಗಿಸುವುದು. ಕೊನೆಗೆ ನೀರು, ಮರಳು ಹಾಕಿ ಉಜ್ಜುವುದು. ಸಂಗನಕಲ್ಲಿನ ಗ್ರಾನೈಟ್ ಬಂಡೆಗಳ ಮೇಲೆ ಈ ಉಜ್ಜುವಿಕೆಯ ಗುಳಿಗಳು ಇಂದಿಗೂ ಉಳಿದಿವೆ. ಗ್ರಾನೈಟನ್ನೇ ಏಕೆ ಹಿಡಿದರು ಎಂಬುದನ್ನು ಮೋಸ್ ಗಡಸುತನದ ಅಳತೆ ಹೇಳುತ್ತದೆ. ಡಾಲರೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸೀನ್ ಖನಿಜಗಳ ಗಡಸುತನ 6ರ ಆಸುಪಾಸು. ಗ್ರಾನೈಟಿನಲ್ಲೂ ಮರಳಿನಲ್ಲೂ ಇರುವ ಕ್ವಾರ್ಟ್ಜ್ 7. ಒಂದು ಅಂಕೆಯ ಈ ವ್ಯತ್ಯಾಸ ಸಾಕು: ಕ್ವಾರ್ಟ್ಜ್ ಕಣ ಡಾಲರೈಟನ್ನು ಗೀರುತ್ತದೆ, ಡಾಲರೈಟು ಕ್ವಾರ್ಟ್ಜನ್ನು ಗೀರಲಾರದು.

ಅಂಥ ಒಂದು ಕೊಡಲಿಯ ಬಾಯಿಯನ್ನು ಭೂತಗನ್ನಡಿ ಹಿಡಿದು ನೋಡಿದರೆ ಸಾಲುಸಾಲು ಸಣ್ಣ ಗೀರುಗಳು ಕಾಣುತ್ತವೆ. ನಯ ಎನ್ನುವುದು ಗೀರುಗಳೇ ಇಲ್ಲದ ಸ್ಥಿತಿಯಲ್ಲ. ದೊಡ್ಡ ಗೀರನ್ನು ಸಣ್ಣ ಗೀರು ಅಳಿಸುತ್ತ, ಅದನ್ನು ಇನ್ನೂ ಸಣ್ಣದು ಅಳಿಸುತ್ತ ಬಂದು, ಬೆರಳಿಗೆ ಸಿಗದಷ್ಟು ಸೂಕ್ಷ್ಮವಾದ ಸ್ಥಿತಿ ಅದು. ಇಂದಿನ ಫಿಟ್ಟರು 120ರ ಎಮರಿ ಪೇಪರಿನಿಂದ ಶುರುಮಾಡಿ 400, 800, 1000 ಎಂದು ಮೇಲಕ್ಕೆ ಹೋಗುವುದೂ ಇದೇ ಕ್ರಮದಲ್ಲಿ. ಕೊಡಲಿಯ ಹಿಂಭಾಗವನ್ನು ಮಾತ್ರ ಎಷ್ಟೋ ಸಲ ಒರಟಾಗಿಯೇ ಬಿಟ್ಟಿರುತ್ತಾರೆ. ಮರದ ಕಾವಿನಲ್ಲಿ ಕೂರಬೇಕಾದ ಭಾಗಕ್ಕೆ ಹಿಡಿತ ಬೇಕು, ಮರದೊಳಗೆ ಇಳಿಯಬೇಕಾದ ಭಾಗಕ್ಕೆ ಜಾರುವ ಗುಣ ಬೇಕು. ಎಲ್ಲಿ ಘರ್ಷಣೆ ಬೇಕು, ಎಲ್ಲಿ ಬೇಡ ಎಂಬ ವಿಂಗಡಣೆ ಆ ಕೈಗಳಿಗೆ ಗೊತ್ತಿತ್ತು. ಚಕ್ಕೆಯ ಏಣುಗಳು ಉಳಿದರೆ ಪೆಟ್ಟಿನ ಬಲ ಅಲ್ಲೇ ಒತ್ತಿ ಬಿರುಕು ಹುಟ್ಟುತ್ತದೆ. ಉಜ್ಜಿದ ಬಾಯಿ ಚಕ್ಕೆಯಷ್ಟು ಹರಿತವಲ್ಲದಿದ್ದರೂ ಹೆಚ್ಚು ಬಾಳುತ್ತದೆ.

ಮುಟ್ಟುವುದು ತುದಿಗಳು ಮಾತ್ರ

ಕಣ್ಣಿಗೆ ಎಷ್ಟೇ ಸಮತಟ್ಟಾಗಿ ಕಂಡರೂ ಪ್ರತಿಯೊಂದು ಮೇಲ್ಮೈಯಲ್ಲೂ ಉಬ್ಬುತಗ್ಗುಗಳಿವೆ. ಎರಡು ಮೇಲ್ಮೈಗಳನ್ನು ಒಂದರ ಮೇಲೊಂದು ಇಟ್ಟಾಗ ಉಬ್ಬಿನ ತುದಿಗಳಷ್ಟೇ ತಾಕುತ್ತವೆ. ಕೇಂಬ್ರಿಜ್‌ನ ಫಿಲಿಪ್ ಬೌಡನ್ ಮತ್ತು ಡೇವಿಡ್ ಟೇಬರ್ 20ನೇ ಶತಮಾನದ ನಡುವಿನಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಒಂದು ಚದರ ಸೆಂಟಿಮೀಟರ್ ಅಡಿಯಿರುವ ಉಕ್ಕಿನ ತುಂಡನ್ನು ಉಕ್ಕಿನ ಹಲಗೆಯ ಮೇಲಿಟ್ಟು 10 ಕಿಲೋ ಭಾರ ಹೇರಿ. ಸಾಧಾರಣ ಉಕ್ಕಿನ ಗಡಸುತನ ಹಿಡಿದು ಲೆಕ್ಕ ಹಾಕಿದರೆ ನಿಜವಾಗಿ ತಾಕಿರುವ ಜಾಗ ಒಂದು ಚದರ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಅಂದರೆ ಕಾಣುವ ಜಾಗದ ಎರಡು ಸಾವಿರದಲ್ಲಿ ಒಂದು ಪಾಲು. ಇಡೀ ಭಾರ ಆ ಚೂರು ಜಾಗದ ಮೇಲೆ ಬೀಳುವುದರಿಂದ ತುದಿಗಳು ಚಪ್ಪಟೆಯಾಗುತ್ತವೆ, ಒಂದಕ್ಕೊಂದು ಅಂಟಿ ಬೆಸೆಯುತ್ತವೆ. ಜಾರಿಸಲು ಹೋದರೆ ಆ ಬೆಸುಗೆಗಳನ್ನು ಹರಿಯಬೇಕು. ಹರಿಯಲು ಬೇಕಾದ ಬಲವೇ ಘರ್ಷಣೆ. ಹರಿದಾಗ ಕಿತ್ತುಬರುವ ಚೂರೇ ಸವೆತ.

ಫ್ರಾನ್ಸಿನ ಗಿಯೋಮ್ ಅಮೊಂತೊಂ 1699ರಲ್ಲಿ ಹೇಳಿದ ನಿಯಮ ಇದರಿಂದ ಅರ್ಥವಾಗುತ್ತದೆ. ಘರ್ಷಣೆ ಭಾರಕ್ಕೆ ತಕ್ಕಂತೆ ಏರುತ್ತದೆ, ಕಾಣುವ ಅಗಲವನ್ನು ಅದು ಲೆಕ್ಕಿಸುವುದಿಲ್ಲ. ಭಾರ ಇಮ್ಮಡಿಯಾದರೆ ತುದಿಗಳ ತಾಕು ಇಮ್ಮಡಿಯಾಗುತ್ತದೆ. ಅಗಲ ಹೆಚ್ಚಿಸಿದರೆ ಅದೇ ತಾಕು ಹೆಚ್ಚು ಜಾಗದಲ್ಲಿ ಹಂಚಿಹೋಗುತ್ತದೆ, ಅಷ್ಟೆ.

ಹೊಸ ಯಂತ್ರದಲ್ಲಿ ಈ ತುದಿಗಳು ಚೂಪಾಗಿ, ಎತ್ತರವಾಗಿ ಇರುತ್ತವೆ. ಓಡತೊಡಗಿದ ಮೊದಲ ದಿನಗಳಲ್ಲಿ ಅವು ಬೇಗ ಬೇಗ ಮುರಿಯುತ್ತವೆ, ಸವೆತ ಹೆಚ್ಚು. ತುದಿಗಳು ತಗ್ಗಿದ ಮೇಲೆ ಭಾರ ಅಗಲವಾಗಿ ಹಂಚಿಕೊಂಡು ಸವೆತ ಬಹಳ ಕಡಿಮೆಯಾಗುತ್ತದೆ. ಯಂತ್ರದ ಒಳ್ಳೆಯ ಆಯುಷ್ಯವೆಲ್ಲ ಈ ನಡುಗಾಲದ್ದು. ಕೊನೆಗೆ ಸಂದು ಹೆಚ್ಚಾಗಿ, ಅಲುಗಾಟ ಶುರುವಾಗಿ, ಸವೆತ ಮತ್ತೆ ಏರುತ್ತದೆ. ಹೊಸ ಬೈಕ್ ಕೊಂಡಾಗ ಮೊದಮೊದಲು ಜೋರಾಗಿ ಓಡಿಸಬೇಡಿ, ಮೊದಲ ಸರ್ವೀಸಿಗೆ ತಪ್ಪದೆ ಬನ್ನಿ ಎಂದು ಷೋರೂಮಿನವರು ಹೇಳುವುದು ಮೊದಲ ಹಂತವನ್ನು ಹದವಾಗಿ ದಾಟಿಸಲೆಂದೇ.

ಬಿಗಿಯಾದ ಪಿಸ್ತೂಲು

ಘರ್ಷಣೆಗೆ ಕೊಡಬಹುದಾದ ಶಕ್ತಿ ತೀರ ಕಡಿಮೆ ಇರುವ ಯಂತ್ರದಲ್ಲಿ ಈ ಮೊದಲ ಹಂತ ಎಷ್ಟು ನಿರ್ಣಾಯಕ ಎಂಬುದು ಚೆನ್ನಾಗಿ ತಿಳಿಯುತ್ತದೆ. ಅರೆಸ್ವಯಂಚಾಲಿತ ಪಿಸ್ತೂಲು ಅಂಥ ಯಂತ್ರ. ಗುಂಡು ಹಾರಿದ ಹಿಮ್ಮೆಟ್ಟಿನಿಂದ ಮೇಲಿನ ಸ್ಲೈಡ್ ಹಿಂದಕ್ಕೆ ಜಾರುತ್ತದೆ, ಖಾಲಿ ತೋಟಾವನ್ನು ಎಳೆದು ಆಚೆ ಎಸೆಯುತ್ತದೆ, ಸ್ಪ್ರಿಂಗನ್ನು ಒತ್ತುತ್ತದೆ. ಸ್ಪ್ರಿಂಗ್ ಅದನ್ನು ಮುಂದಕ್ಕೆ ದೂಡುವಾಗ ಮ್ಯಾಗಜೀನಿನಿಂದ ಮುಂದಿನ ತೋಟಾ ಏರುತ್ತದೆ. ಇದಕ್ಕೆ ಹೊರಗಿನ ಮೋಟಾರಿಲ್ಲ. ಎಲ್ಲ ಕೆಲಸವೂ ಆ ಒಂದು ಹಿಮ್ಮೆಟ್ಟಿನ ಬಂಡವಾಳದಲ್ಲೇ ಆಗಬೇಕು.

ಆ ಬಂಡವಾಳ ಎಷ್ಟು? 9 ಮಿಲಿಮೀಟರ್ ಪಿಸ್ತೂಲಿನ ಸುಮಾರು ಏಳೂವರೆ ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 360 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 500 ಜೂಲ್‌ಗೆ ಹತ್ತಿರ. ಸಂವೇಗ ಎರಡೂ ಕಡೆಗೆ ಸಮ. ಆದರೆ ಅರ್ಧ ಕಿಲೋದಷ್ಟು ತೂಗುವ ಸ್ಲೈಡ್ ಮತ್ತು ನಳಿಗೆ ಅದೇ ಸಂವೇಗದಲ್ಲಿ ಸೆಕೆಂಡಿಗೆ ಆರು ಮೀಟರಿನಷ್ಟು ವೇಗ ಮಾತ್ರ ಪಡೆಯುತ್ತವೆ. ಅವುಗಳ ಪಾಲಿಗೆ ಬರುವುದು 10 ಜೂಲ್ ಆಸುಪಾಸು. ಒಂದು ಕಿಲೋ ಸಕ್ಕರೆಯ ಪೊಟ್ಟಣವನ್ನು ನೆಲದಿಂದ ಒಂದು ಮೀಟರ್ ಎತ್ತಲು ಬೇಕಾಗುವಷ್ಟು ಶಕ್ತಿ ಅದು. ಸ್ಲೈಡ್ ಜಾರುವ ಹಳಿಗಳಲ್ಲಿ ಘರ್ಷಣೆ ಇದರಲ್ಲಿ ದೊಡ್ಡ ಪಾಲು ತಿಂದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ. ಖಾಲಿ ತೋಟಾ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಸಂದನ್ನು ಸಡಿಲ ಇಟ್ಟರಾಯಿತಲ್ಲ? ಸಡಿಲ ಇಟ್ಟರೆ ಕೆಸರು, ಧೂಳು ಏನು ಬಂದರೂ ಓಡುತ್ತದೆ, ಆದರೆ ನಳಿಗೆ ಪ್ರತಿ ಸಲವೂ ಅದೇ ಜಾಗದಲ್ಲಿ ಕೂರುವುದಿಲ್ಲ, ಗುರಿ ಚೆದುರುತ್ತದೆ. ಬಿಗಿ ಮಾಡಿದರೆ ಗುರಿ ಕರಾರುವಾಕ್ಕಾಗುತ್ತದೆ, ಓಟ ತಡೆಯುತ್ತದೆ. ಸ್ಪರ್ಧೆಗೆಂದು ಬಿಗಿಯಾಗಿ ಹೊಂದಿಸಿದ ಪಿಸ್ತೂಲುಗಳು ಮೊದಲ ಕೆಲವು ನೂರು ಗುಂಡುಗಳವರೆಗೆ ತಡವರಿಸಿ ಆಮೇಲೆ ಸರಾಗವಾಗುವುದು ಇದರಿಂದಲೇ. ಹಳಿಗಳ ತುದಿಗಳು ತಗ್ಗಿ, ಜೊತೆಯಾದ ಎರಡು ಮೇಲ್ಮೈಗಳು ಒಂದನ್ನೊಂದು ಆಕಾರಕ್ಕೆ ತಂದುಕೊಳ್ಳುತ್ತವೆ. ಆಯುಧ ರಿಪೇರಿ ಮಾಡುವ ಆರ್ಮರರ್ ಈ ಕೆಲಸವನ್ನು ಚುರುಕುಗೊಳಿಸಬಲ್ಲ. ಎಲ್ಲಿ ಲೋಹ ಉಜ್ಜಿ ಹೊಳೆಯುತ್ತಿದೆ ಎಂದು ನೋಡಿ, ಅಷ್ಟನ್ನೇ ಅತಿ ನುಣ್ಣನೆಯ ಪುಡಿಯ ಲೇಪದಿಂದ ಉಜ್ಜಿ, ಲೇಪದ ಒಂದು ಕಣವೂ ಉಳಿಯದಂತೆ ತೊಳೆದು, ಆಮೇಲೆ ಎಣ್ಣೆ ಹಚ್ಚುತ್ತಾನೆ. ತೊಳೆಯುವುದು ಈ ಕೆಲಸದ ಜೀವ. ಲೇಪ ಉಳಿದರೆ ಪಾಲಿಶ್ ನಿಲ್ಲದೆ ಮುಂದುವರಿಯುತ್ತದೆ.

ಪಿಸ್ತೂಲಿನಲ್ಲೂ ನಯ ಮಾಡಲೇಬಾರದ ಜಾಗಗಳಿವೆ. ಟ್ರಿಗರ್ ಎಳೆಯುವವರೆಗೆ ಸುತ್ತಿಗೆಯನ್ನು ತಡೆದು ಹಿಡಿಯುವ ಕೊಕ್ಕೆಯ ಅಂಚು ಘರ್ಷಣೆಯನ್ನೇ ನಂಬಿಕೊಂಡಿದೆ. ಅದನ್ನು ಮನಸ್ಸಿಗೆ ಬಂದಂತೆ ಉಜ್ಜಿದರೆ ಆಯುಧ ತಾನಾಗಿ ಸಿಡಿಯಬಹುದು. ಜಿಲ್ಲಾ ಸಶಸ್ತ್ರ ಮೀಸಲು ಪಡೆಗಳಲ್ಲಿ ತರಬೇತಿ ಪಡೆದ ಆರ್ಮರರ್‌ಗಳಿಗೇ ಈ ಕೆಲಸ ಬಿಡುವುದು, 1959ರ ಶಸ್ತ್ರಾಸ್ತ್ರ ಕಾಯ್ದೆ ರಿಪೇರಿಗೂ ಪರವಾನಗಿ ಕೇಳುವುದು ಎರಡೂ ನ್ಯಾಯವೇ.

ನಯ ಮತ್ತು ಎಣ್ಣೆಯ ಜೊತೆಗಾರಿಕೆಗೆ 1911ರ ಮಾರ್ಚಿನಲ್ಲಿ ಅಮೆರಿಕದ ಸೇನೆ ನಡೆಸಿದ ಪರೀಕ್ಷೆ ಒಳ್ಳೆಯ ನಿದರ್ಶನ. ಜಾನ್ ಬ್ರೌನಿಂಗ್ ವಿನ್ಯಾಸದ ಒಂದೇ ಪಿಸ್ತೂಲಿನಿಂದ 6000 ಗುಂಡು ಹಾರಿಸಿದರು. ನೂರು ಗುಂಡಿಗೊಮ್ಮೆ ತಣಿಯಲು ಬಿಡುವು, ಸಾವಿರ ಗುಂಡಿಗೊಮ್ಮೆ ಸ್ವಚ್ಛ ಮಾಡಿ ಎಣ್ಣೆ. ಒಮ್ಮೆಯೂ ಅದು ಕೈಕೊಡಲಿಲ್ಲ. ಅದೇ ತಿಂಗಳು ಸೇನೆ ಅದನ್ನು ಅಂಗೀಕರಿಸಿತು. ಬ್ರೌನಿಂಗ್ ಬದುಕಿನ ಕೊನೆಗೆ ಶುರುಮಾಡಿದ ಇನ್ನೊಂದು ವಿನ್ಯಾಸವನ್ನು ಅವರ ನಂತರ ಬೆಲ್ಜಿಯಂನಲ್ಲಿ ಪೂರ್ತಿಗೊಳಿಸಿದರು. ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆ ತಯಾರಿಸಿದ, ನಮ್ಮ ಸೇನೆಯ 9 ಮಿಲಿಮೀಟರ್ ಪಿಸ್ತೂಲು ಅದೇ ವಂಶದ್ದು.

ಕೀಲೆಣ್ಣೆಯ ಕೆಲಸ

ತುದಿಗಳು ಎಷ್ಟೇ ತಗ್ಗಿದರೂ ಲೋಹ ಲೋಹವನ್ನು ನೇರವಾಗಿ ಮುಟ್ಟುವ ತನಕ ಬೆಸುಗೆ ತಪ್ಪಿದ್ದಲ್ಲ. ಅತಿಯಾಗಿ ಪಾಲಿಶ್ ಮಾಡಿದರಂತೂ ತಾಕುವ ಜಾಗ ಹೆಚ್ಚಿ, ಎಣ್ಣೆಗೆ ನಿಲ್ಲಲು ತಗ್ಗೇ ಇಲ್ಲದಂತಾಗುತ್ತದೆ. ಎಂಜಿನ್ ಸಿಲಿಂಡರಿನ ಒಳಗೋಡೆಯಲ್ಲಿ ಬೇಕೆಂದೇ ಅಡ್ಡದಿಡ್ಡಿ ಸಣ್ಣ ಗೆರೆ ಕೊರೆಯುವುದು ಎಣ್ಣೆ ಅಲ್ಲಿ ತಂಗಲಿ ಎಂದು. ಒಂದೇ ಜಾತಿಯ ಸ್ಟೇನ್‌ಲೆಸ್ ಉಕ್ಕುಗಳು ಎಣ್ಣೆಯಿಲ್ಲದೆ ಉಜ್ಜಿದರೆ ಕಚ್ಚಿ ಹಿಡಿದು ಮೈ ಕಿತ್ತುಕೊಳ್ಳುತ್ತವೆ. ನಯಕ್ಕೆ ಒಂದು ಮಿತಿ ಇದೆ. ಅಲ್ಲಿಂದ ಮುಂದಿನ ಕೆಲಸ ಜಿಡ್ಡಿನದು.

ಎತ್ತಿನ ಗಾಡಿಗೆ ನಮ್ಮ ರೈತರು ಹಾಕುತ್ತಿದ್ದ ಕೀಲೆಣ್ಣೆ ಈ ವಿಜ್ಞಾನದ ಒಳ್ಳೆಯ ಪಾಠ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಅಚ್ಚಿಗೆ ಬಳಿಯುತ್ತಿದ್ದರು. ಗಾಡಿಯ ಗಾಲಿ ನಿಧಾನ ತಿರುಗುತ್ತದೆ, ಭಾರ ಬಹಳ. ಇಂಥಲ್ಲಿ ತೆಳು ಎಣ್ಣೆ ಹಿಂಡಿ ಹೊರಹೋಗುತ್ತದೆ. ಹರಳೆಣ್ಣೆಯ ಬಹುಪಾಲು ರಿಸಿನೋಲಿಕ್ ಎಂಬ ಕೊಬ್ಬಿನ ಆಮ್ಲ. ಅದರ ಅಣುಗಳ ಒಂದು ತುದಿ ಲೋಹಕ್ಕೆ ಅಂಟಿಕೊಂಡು, ಉದ್ದನೆಯ ಬಾಲ ಹೊರಗೆ ನಿಲ್ಲುತ್ತದೆ. ಎಣ್ಣೆಯೆಲ್ಲ ಹಿಂಡಿಹೋದರೂ ಅಣುಗಳ ಈ ಪದರ ಲೋಹಗಳ ನಡುವೆ ಉಳಿಯುತ್ತದೆ. 1920ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ಡಿ ಈ ಬಗೆಯ ಜಾರಿಕೆಯನ್ನು ವಿವರಿಸಿದರು. ಹಳ್ಳಿಯ ಅನುಭವ ಅದನ್ನು ಮೊದಲೇ ಬಳಕೆಗೆ ತಂದಿತ್ತು.

ಎಷ್ಟು ಎಂಬುದೂ ಮುಖ್ಯ. ಈಜಿಪ್ಟಿನ ಜೆಹುತಿಹೋತೆಪ್‌ನ ಸಮಾಧಿಯಲ್ಲಿ ಸುಮಾರು 3900 ವರ್ಷ ಹಳೆಯ ಚಿತ್ರವಿದೆ. ಜನ ಭಾರಿ ಪ್ರತಿಮೆಯನ್ನು ಜಾರುಬಂಡಿಯ ಮೇಲಿಟ್ಟು ಎಳೆಯುತ್ತಿದ್ದಾರೆ, ಒಬ್ಬಾತ ಅದರ ಮುಂದಿನ ನೆಲಕ್ಕೆ ದ್ರವ ಸುರಿಯುತ್ತಿದ್ದಾನೆ. ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದವರು 2014ರಲ್ಲಿ ಮರಳಿನ ಮೇಲೆ ಇದನ್ನು ಪರೀಕ್ಷಿಸಿದರು. ಹದವಾಗಿ ನೀರು ಹಾಕಿದರೆ ಎಳೆಯುವ ಬಲ ಅರ್ಧಕ್ಕೆ ಇಳಿಯುತ್ತದೆ. ಹೆಚ್ಚು ಹಾಕಿದರೆ ಲಾಭ ಮತ್ತೆ ಕೈತಪ್ಪುತ್ತದೆ.

ಟರ್ಬೈನ್ ಎದ್ದು ತೇಲುವ ಗಳಿಗೆ

ಕುಡತಿನಿಯ ಸ್ಥಾವರದಲ್ಲಿ ಎಣ್ಣೆ ಇನ್ನೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅದಕ್ಕಾಗಿ ಉಗಿ ಟರ್ಬೈನಿನ ಶಾಫ್ಟ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಬೇರಿಂಗಿನಲ್ಲಿ ಕೂತ ಭಾಗದ ವ್ಯಾಸ 400 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ಮೈ ಸೆಕೆಂಡಿಗೆ 60 ಮೀಟರಿಗೂ ಹೆಚ್ಚು, ಅಂದರೆ ಗಂಟೆಗೆ 220 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಹಲವು ಟನ್ ತೂಗುವ ಈ ಶಾಫ್ಟು ಗುಂಡು ಅಥವಾ ರೋಲರುಗಳ ಮೇಲೆ ಕೂತಿಲ್ಲ. ತವರ, ಆಂಟಿಮನಿ, ತಾಮ್ರ ಬೆರೆತ ಬ್ಯಾಬಿಟ್ ಎಂಬ ಮೆತ್ತನೆಯ ಬಿಳಿಲೋಹದ ತೊಟ್ಟಿಲಲ್ಲಿ, ಕೂದಲೆಳೆಯ ದಪ್ಪಕ್ಕೆ ಹೋಲುವ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ.

ತೆಳು ಎಣ್ಣೆ ಅಷ್ಟು ಭಾರ ಹೊರುವುದನ್ನು 1880ರ ದಶಕದಲ್ಲಿ ಇಂಗ್ಲೆಂಡಿನ ಬೋಶಂ ಟವರ್ ಆಕಸ್ಮಿಕವಾಗಿ ಕಂಡರು. ರೈಲುಗಾಲಿಯ ಬೇರಿಂಗಿನ ಮೇಲೆ ಎಣ್ಣೆ ಬಿಡಲು ತೂತು ಕೊರೆದರೆ ಎಣ್ಣೆ ಒಳಗೆ ಇಳಿಯುವ ಬದಲು ಮೇಲಕ್ಕೆ ಉಕ್ಕಿತು. ಬಿರಡೆ ತುರುಕಿದರೆ ಬಿರಡೆಯೂ ಹೊರಬಿತ್ತು. ತಿರುಗುವ ಶಾಫ್ಟು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ದು ತಾನೇ ಒತ್ತಡ ಹುಟ್ಟಿಸುತ್ತದೆ ಎಂದು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಣಿತದಲ್ಲಿ ತೋರಿಸಿದರು. ಮಳೆಯಲ್ಲಿ ಜೋರಾಗಿ ಹೋಗುವ ಕಾರಿನ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ಏರುವುದೂ ಇದೇ ನಿಯಮಕ್ಕೆ.

ಆದರೆ ಈ ಪೊರೆಗೆ ವೇಗ ಬೇಕು. ನಿಂತ ಶಾಫ್ಟಿನ ಕೆಳಗೆ ಎಣ್ಣೆ ಹಿಂಡಿಹೋಗಿ ಉಕ್ಕು ಬ್ಯಾಬಿಟ್ ಮೇಲೆ ಕೂತಿರುತ್ತದೆ. ಹಾಗೇ ತಿರುಗಿಸಿದರೆ ಬಿಳಿಲೋಹ ಕಿತ್ತುಬರುತ್ತದೆ. ಅದಕ್ಕೆ ದೊಡ್ಡ ಟರ್ಬೈನುಗಳಲ್ಲಿ ಮೊದಲು ಜಾಕಿಂಗ್ ಆಯಿಲ್ ಪಂಪು ಓಡಿಸುತ್ತಾರೆ. ಅದು ಭಾರಿ ಒತ್ತಡದ ಎಣ್ಣೆಯನ್ನು ಶಾಫ್ಟಿನ ಕೆಳಗೇ ತಳ್ಳಿ ಅದನ್ನು ಕೂದಲೆಳೆಯಷ್ಟು ಎತ್ತುತ್ತದೆ. ಆಮೇಲೆ ಬ್ಯಾರಿಂಗ್ ಗೇರು ಅದನ್ನು ನಿಧಾನಕ್ಕೆ ಉರುಳಿಸುತ್ತದೆ. ಅದಾದ ಮೇಲೆಯೇ ಉಗಿ ಬಿಡುವುದು. ವೇಗ ಏರಿದಂತೆ ಶಾಫ್ಟು ತನ್ನ ಪೊರೆಯನ್ನು ತಾನೇ ಕಟ್ಟಿಕೊಳ್ಳುತ್ತದೆ, ಜಾಕಿಂಗ್ ಪಂಪಿಗೆ ಬಿಡುವು ಸಿಗುತ್ತದೆ. ನಿಲ್ಲಿಸುವಾಗ ಇದೇ ಕ್ರಮ ಹಿಂದುಮುಂದಾಗಿ. ಇಡೀ ಸ್ಥಾವರಕ್ಕೆ ಕರೆಂಟ್ ಹೋದರೂ ಎಣ್ಣೆ ನಿಲ್ಲಬಾರದೆಂದು ಬ್ಯಾಟರಿಯಿಂದ ಓಡುವ ತುರ್ತು ಪಂಪು ಇರುತ್ತದೆ. ಎಣ್ಣೆಯ ಒತ್ತಡ ಇಳಿದರೆ ಟರ್ಬೈನು ತಾನಾಗಿ ಟ್ರಿಪ್ ಆಗುತ್ತದೆ. ಇಷ್ಟು ಕಾವಲು ಯಾಕೆಂದರೆ ಬ್ಯಾಬಿಟ್ ಸುಮಾರು 240 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ, ಒಣ ಘರ್ಷಣೆ ಅಷ್ಟು ಶಾಖವನ್ನು ಕ್ಷಣಗಳಲ್ಲಿ ಹುಟ್ಟಿಸುತ್ತದೆ.

ಮೆತ್ತನೆಯ ಲೋಹವನ್ನೇ ಆರಿಸಿದ್ದಕ್ಕೂ ಕಾರಣವಿದೆ. ಎಣ್ಣೆಯಲ್ಲಿ ಒಂದು ಗಟ್ಟಿ ಕಣ ತಪ್ಪಿಸಿಕೊಂಡು ಬಂದರೆ ಬ್ಯಾಬಿಟ್ ಅದನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ದುಬಾರಿ ಶಾಫ್ಟು ಉಳಿಯುತ್ತದೆ. ಸವೆಯಲೇಬೇಕಾದರೆ ಬದಲಿಸಲು ಸುಲಭವಾದದ್ದು ಸವೆಯಲಿ ಎಂಬ ವಿವೇಕ ಇದು.

ಧೂಳಿನ ಲೆಕ್ಕ

ಈಗ ಕುಡತಿನಿಯ ಗಾಳಿಗೆ ಮರಳೋಣ. ಅದಿರಿನ ಹೆಮಟೈಟ್ ಗಡಸುತನ 5ರಿಂದ 6, ಮಣ್ಣಿನ ಕ್ವಾರ್ಟ್ಜ್ 7, ಹಾರುಬೂದಿಯಲ್ಲಿ ಸಿಲಿಕಾ ಮತ್ತು ಅಲ್ಯುಮಿನಾ. ಸಾಮಾನ್ಯ ಉಕ್ಕು 4ರಿಂದ 5ರ ಮಟ್ಟದಲ್ಲಿದೆ. ಈ ಕಣಗಳಿಗೆ ಎಣ್ಣೆ ಸೇರಿದರೆ ಹಿರೇಗುಡ್ಡದಲ್ಲಿ ನೀರು ಮತ್ತು ಮರಳು ಮಾಡಿದ ಕೆಲಸವೇ ಆಗುತ್ತದೆ, ಆದರೆ ಯಾರೂ ಬಯಸದ ಜಾಗದಲ್ಲಿ. ಧೂಳಿನ ಊರಲ್ಲಿ ಬೈಕಿನ ಚೈನಿಗೆ ಸುರಿದ ಹೆಚ್ಚುವರಿ ಎಣ್ಣೆ ಚೈನನ್ನು ಕಾಪಾಡುವುದಿಲ್ಲ, ಉಜ್ಜುವ ಲೇಪವಾಗಿ ತಿನ್ನುತ್ತದೆ. ಹೊಲಿಗೆ ಯಂತ್ರಕ್ಕೆ, ಬಾಗಿಲ ಕೀಲಿಗೆ, ಪೊಲೀಸರ ಪಿಸ್ತೂಲಿಗೆ ಇದೇ ಮಾತು ಸಲ್ಲುತ್ತದೆ. ಹಳೆಯ ಜಿಡ್ಡು ಒರೆಸಿ ತೆಗೆಯದೆ ಹೊಸದು ಹಾಕಬಾರದು, ಮೇಲ್ಮೈ ಒದ್ದೆಯಾಗುವಷ್ಟು ಸಾಕು, ತೊಟ್ಟಿಕ್ಕುವಷ್ಟು ಬೇಡ.

ಹೊಸ ಬೈಕಿನ ಮೊದಲ ಸರ್ವೀಸಿನಲ್ಲಿ ಹೊರಬರುವ ಎಂಜಿನ್ ಆಯಿಲನ್ನು ಬಿಳಿ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ನೋಡಿದರೆ ಲೋಹದ ಸಣ್ಣ ಮಿನುಗು ಕಾಣಬಹುದು. ಮುರಿದ ತುದಿಗಳ ಚೂರುಗಳವು. ಅವು ಕಳಚಿದ್ದು ಒಳ್ಳೆಯದೇ ಆಯಿತು. ಎಣ್ಣೆಯಲ್ಲೇ ಉಳಿದರೆ ಮಾತ್ರ ಅವೇ ಮುಂದಿನ ಸವೆತದ ಹತಾರ. ಕಿಲೋಮೀಟರ್ ಕಡಿಮೆ ಓಡಿದೆ, ಎಣ್ಣೆ ಇನ್ನೂ ಚೆನ್ನಾಗಿದೆ ಎಂದು ಆ ಸರ್ವೀಸನ್ನು ಮುಂದೂಡುವವರು ನಯವಾಗುವ ಹಂತವನ್ನು ಹಾಳಾಗುವ ಹಂತಕ್ಕೆ ತಾವೇ ಜೋಡಿಸಿಬಿಡುತ್ತಾರೆ.

ಆಯುಧ ಪೂಜೆಯ ದಿನ ನಮ್ಮ ಗ್ಯಾರೇಜು, ಗಿರಣಿ, ಪೊಲೀಸ್ ಠಾಣೆಗಳಲ್ಲಿ ನಡೆಯುವ ಕ್ರಮದಲ್ಲಿ ಈ ವಿಜ್ಞಾನವೆಲ್ಲ ಅಡಕವಾಗಿದೆ: ಮೊದಲು ಬಿಚ್ಚಿ ಒರೆಸುವುದು, ಆಮೇಲೆ ಎಣ್ಣೆ, ಅದಾದ ಮೇಲೆ ಅರಿಶಿನ ಕುಂಕುಮ ಹೂವು. ಹೂವಿನ ಶಾಸ್ತ್ರ ವರ್ಷಕ್ಕೊಮ್ಮೆ ಸಾಕು. ಮೊದಲಿನ ಎರಡನ್ನು ಯಂತ್ರ ಓಡಿದಷ್ಟು ಸಲವೂ, ಅದೇ ಕ್ರಮದಲ್ಲಿ, ಮಾಡುತ್ತಲೇ ಇರಬೇಕು.